ಎಡ ಸೀಟಿನ ಬ್ರೇಕು

ಮೊನ್ನೆ ನವುಲೆಯ ಹತ್ತಿರ ನಮ್ಮ ಹೊಸ ಕಾರು ತೊಳೆಸಲು ಹೋಗಿದ್ದೆ. ತೊಳೆಯುವವರು ಒಳಗಿನ ಮ್ಯಾಟುಗಳನ್ನೆಲ್ಲ ಎಳೆದು ಕಟ್ಟೆಯ ಮೇಲೆ ಹರವಿದರು. ಅದರಲ್ಲೊಂದನ್ನು ಮಾತ್ರ ಎತ್ತಿ, ಬೆಳಕಿಗೆ ಹಿಡಿದು ನೋಡಿ, ನಾನು ಕೂತಿದ್ದ ಬೆಂಚಿನ ಹತ್ತಿರಕ್ಕೇ ತಂದರು.

“ಮೇಡಂ, ಇದು ಯಾವ ಸೀಟಿಂದು?”

“ಮುಂದಿನದು. ಎಡಗಡೇದು.”

“ಅದಕ್ಕೇ ಕೇಳ್ದೆ. ಡ್ರೈವರ್ ಕಡೇದು ಹಿಮ್ಮಡಿ ಹತ್ರ ಸವೆಯೋದು ಬೇಕಾದಷ್ಟು ನೋಡಿದೀನಿ. ಪಕ್ಕದ ಸೀಟಿಂದು ಹಿಂಗೆ ತೂತು ಬಿದ್ದಿರೋದು ಇದೇ ಮೊದ್ಲು. ಇಲಿ ಏನಾದ್ರೂ ಸೇರ್ಕೊಂಡಿತ್ತಾ?”

ಆ ಇಲಿ ನಾನೇ ಎಂದು ಅವರಿಗೆ ಹೇಗೆ ಹೇಳಲಿ? ನಮ್ಮ ಯಜಮಾನರ ಪಕ್ಕದ ಸೀಟಿನಲ್ಲಿ ಇಪ್ಪತ್ತೆಂಟು ವರ್ಷ ಕೂತು, ಅಲ್ಲಿ ಇಲ್ಲದ ಬ್ರೇಕನ್ನು ಬಲಗಾಲಿನಿಂದ ತುಳಿದವಳು ನಾನು. ಮುಂದೆ ಬಸ್ಸು ನಿಂತರೆ ಒಂದು ತುಳಿತ, ಎಮ್ಮೆ ಅಡ್ಡ ಬಂದರೆ ಒಂದು, ಬಣ್ಣ ಬಳಿಯದ ಹಂಪ್ಸ್ ಕಂಡರೆ ಎರಡು. ಕಾರು ನಿಲ್ಲುತ್ತಿದ್ದುದು ಯಜಮಾನರ ಬ್ರೇಕಿನಿಂದಲೇ ಇರಬಹುದು. ಆದರೆ ನಾನು ತುಳಿಯದೇ ಇದ್ದಿದ್ದರೂ ನಿಲ್ಲುತ್ತಿತ್ತು ಎನ್ನುವುದಕ್ಕೆ ಅವರ ಹತ್ತಿರವೂ ಪುರಾವೆ ಇಲ್ಲ.

ಹೊಸ ಕಾರಿಗೆ ತೂತು ಮ್ಯಾಟು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕಾರು ಮನೆಗೆ ಬಂದ ದಿನವೇ ಯಜಮಾನರು ಅದರ ಹೊಸ ಮ್ಯಾಟುಗಳನ್ನು ತೆಗೆದು, ಕವರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. “ಹೊಸದು ಕೊಳೆ ಆಗುತ್ತೆ ಕಣೇ” ಎಂಬುದು ಕಾರಣ. ಹಳೆಯ ಕಾರನ್ನು ಕೊಡುವ ಮುಂಚೆ ಅದರಿಂದ ಕಿತ್ತಿಟ್ಟುಕೊಂಡಿದ್ದ ಹದಿನಾರು ವರ್ಷದ ಮ್ಯಾಟುಗಳು ಹೊಸ ಕಾರಿನೊಳಗೆ ಬಂದು ಮಲಗಿದವು. ಸೀಟಿನ ಪ್ಲಾಸ್ಟಿಕ್ಕನ್ನೂ ಅವರು ಇವತ್ತಿನವರೆಗೆ ತೆಗೆಯಲು ಬಿಟ್ಟಿಲ್ಲ. ಬೇಸಿಗೆಯಲ್ಲಿ ಇಳಿಯುವಾಗ ಬೆನ್ನು ಚರ್ರೆಂದು ಕಿತ್ತು ಬರುತ್ತದೆ. ಚಾಲಕನ ಕಡೆಯ ಹಳೆ ಮ್ಯಾಟು ಜಾರಿ ಪೆಡಲಿನ ಕೆಳಗೆ ಸೇರಿಕೊಳ್ಳುತ್ತದೆ ಎಂದು ನಾನು ಕಾಲು ಕೆರೆದು ಜಗಳ ತೆಗೆದ ಮೇಲೆ ಅದೊಂದನ್ನು ಮಾತ್ರ ಹೊಸದು ಹಾಕಿದರು. ನನ್ನ ಕಾಲಿಗೆ ಹಳೆಯದೇ ಸಾಕು ಎಂದು ತೀರ್ಮಾನವಾಯಿತು.

ಯಜಮಾನರದು ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಅವರ ತಾತ ಹಾಸಿದ ಬಿಳಿ ಗಾದಿಯ ಮೇಲೆ ಅವರಪ್ಪ ಕೂತರು, ಅವರಪ್ಪನ ನಂತರ ಇವರು ಕೂತರು. ಗಾದಿಯ ಮೇಲೆ ಕೂರುವುದೆಂದರೆ ಚಕ್ಕಳಮಕ್ಕಳ ಹಾಕಿಯೇ ಕೂರುವುದು. ಹದಿನೆಂಟನೆಯ ವಯಸ್ಸಿನಿಂದ ಅರವತ್ತನಾಲ್ಕರವರೆಗೆ ದಿನಕ್ಕೆ ಹತ್ತು ಗಂಟೆ ಹಾಗೆ ಕೂತವರಿಗೆ, ಕಾಲು ನಡೆಯುವುದಕ್ಕೆ ಇರುವ ಅಂಗ ಎನ್ನುವುದೇ ಮರೆತುಹೋಗಿದೆ. ಅದೊಂದು ಮಡಚಿಡುವ ಸಾಮಾನು. ಬಿಚ್ಚಿ ತೋರಿಸಿದ ಬಟ್ಟೆಯ ಥಾನನ್ನು ಹೇಗೆ ಮಡಚಿಡುತ್ತಾರೋ ಹಾಗೆ, ಎಲ್ಲೇ ಕೂತರೂ ಬಲಗಾಲನ್ನು ಮಡಚಿ ಎಡತೊಡೆಯ ಕೆಳಗೆ ತುರುಕಿಬಿಡುತ್ತಾರೆ. ಮದುವೆ ಛತ್ರದ ಪ್ಲಾಸ್ಟಿಕ್ ಕುರ್ಚಿಯ ಮೇಲೂ ಹಾಗೆಯೇ, ಡಾಕ್ಟರ ಎದುರಿನ ಸ್ಟೂಲಿನ ಮೇಲೂ ಹಾಗೆಯೇ.

ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದೆ. ಮೂವತ್ತೊಂದು ವರ್ಷ ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿ ಬಂದು ಮಾಡಿ ನಿವೃತ್ತಳಾದೆ. ಒಂದು ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಯಜಮಾನರನ್ನು ಅತಿಥಿಯಾಗಿ ಕರೆದಿದ್ದರು; ಮಕ್ಕಳಿಗೆ ಸಮವಸ್ತ್ರ ಕೊಟ್ಟಿದ್ದರಲ್ಲ, ಅದಕ್ಕೆ. ವೇದಿಕೆಯ ಮೇಲೆ ಎರಡನೆಯ ಭಾಷಣ ಮುಗಿಯುವ ಹೊತ್ತಿಗೆ ಅವರ ಕುರ್ಚಿಯ ಕೆಳಗೆ ಒಂದು ಪಾದ ಮತ್ತು ಎರಡು ಚಪ್ಪಲಿ ಉಳಿದಿದ್ದವು. ಮರುದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು ಬಹಳ ಮರುಕದಿಂದ, “ಮಿಸ್, ಸರ್‌ಗೆ ಒಂದೇ ಕಾಲಾ?” ಎಂದು ಕೇಳಿದಳು. ಹೌದು ಎಂದು ಹೇಳಿಬಿಡೋಣವೆನ್ನಿಸಿತ್ತು.

ಇಂಥವರ ಕೈಗೆ ಕ್ರೂಸ್ ಕಂಟ್ರೋಲ್ ಇರುವ ಕಾರು ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ನಮ್ಮ ಕಾಲದಲ್ಲಿ ಕಂಟ್ರೋಲ್ ಎಂದರೆ ಸಕ್ಕರೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು. ಅಮ್ಮ ಕಾರ್ಡು ಮತ್ತು ಚೀಲ ಕೊಟ್ಟು “ಕಂಟ್ರೋಲಿಗೆ ಹೋಗಿ ಬಾ” ಎಂದರೆ ರೇಷನ್ ಅಂಗಡಿಯ ಕ್ಯೂನಲ್ಲಿ ನಿಲ್ಲಬೇಕು ಎಂದರ್ಥ. ಅಲ್ಲಿ ನಿಂತು ನಿಂತು ಕನ್ನಡದ ಜೊತೆಗೆ ತಮಿಳು, ತೆಲುಗಿನಲ್ಲೂ ಜಗಳವಾಡುವುದನ್ನು ಕಲಿತೆ. ಕಾಲು ನೋಯುತ್ತದೆ ಎಂದು ಕೂತರೆ ಸರದಿ ಹೋಗುತ್ತಿತ್ತು. ಕಂಟ್ರೋಲಿನಲ್ಲಿ ಕಾಲಿಗೆ ವಿಶ್ರಾಂತಿ ಇಲ್ಲ ಎಂಬ ತಿಳಿವಳಿಕೆ ನನಗೆ ಬಂದದ್ದು ಅಲ್ಲಿಂದ.

ಯಜಮಾನರಿಗೆ ಬಂದದ್ದು ಶೋರೂಮಿನ ಸೇಲ್ಸ್‌ಮನ್ನನಿಂದ. ಟೈ ಕಟ್ಟಿದ ಆ ಮಹಾನುಭಾವ ಸ್ಟಿಯರಿಂಗಿನ ಬಲಗಡೆಯ ನಾಲ್ಕು ಗುಂಡಿಗಳನ್ನು ದೇವರ ಪಟ ತೋರಿಸಿದಷ್ಟು ಭಕ್ತಿಯಿಂದ ತೋರಿಸಿ, “ಇನ್ಮೇಲೆ ಹೈವೇಲಿ ನಿಮ್ಮ ಕಾಲಿಗೆ ಕೆಲಸಾನೇ ಇಲ್ಲ ಸಾರ್” ಎಂದ. ಆಮೇಲೂ ಅವನು ಹತ್ತು ನಿಮಿಷ ಮಾತಾಡಿದ. ಊರೊಳಗೆ ಹಾಕಬೇಡಿ, ಮಳೆಯಲ್ಲಿ ಹಾಕಬೇಡಿ, ತಿರುವಿನ ರಸ್ತೆಯಲ್ಲಿ ಬೇಡ, ಮುಂದೆ ಏನೇ ಬಂದರೂ ಇದು ತಾನಾಗಿ ನಿಲ್ಲುವುದಿಲ್ಲ, ನಿಮ್ಮ ಕಾಲು ಬ್ರೇಕಿನ ಹತ್ತಿರವೇ ಇರಬೇಕು. ಎಲ್ಲವನ್ನೂ ಹೇಳಿದ, ಪಾಪ. ಯಜಮಾನರು ತಲೆಯಾಡಿಸಿದರು. ಆದರೆ ಅವರ ಕಿವಿ ಮೊದಲನೆಯ ವಾಕ್ಯಕ್ಕೇ ಬಾಗಿಲು ಹಾಕಿಕೊಂಡಿತ್ತು.

ಎಂಥ ಘನಂದಾರಿ ಸೌಲಭ್ಯ ನೋಡಿ. ನೀವು ಒಂದು ವೇಗಕ್ಕೆ ಗುಂಡಿ ಒತ್ತಬೇಕು, ಕಾರು ಅದೇ ವೇಗದಲ್ಲಿ ಓಡುತ್ತದೆ, ನೀವು ಆಕ್ಸಿಲರೇಟರ್ ತುಳಿಯುವ ಮಹಾ ಶ್ರಮದಿಂದ ಪಾರಾಗುತ್ತೀರಿ. ಇದಕ್ಕೆ ರಸ್ತೆ ನೆಟ್ಟಗಿರಬೇಕು, ಒಣಗಿರಬೇಕು, ಖಾಲಿ ಇರಬೇಕು. ಅಂಥ ರಸ್ತೆ ಇರುವ ಊರಿನಲ್ಲಿ ನಮ್ಮ ನೆಂಟರು ಯಾರೂ ಇಲ್ಲ. ತುಂಗಾ ಸೇತುವೆ ದಾಟಿ ಭದ್ರಾವತಿಯವರೆಗೆ ಇರುವ ರಸ್ತೆಯನ್ನು ನಾನು ಮೂವತ್ತೊಂದು ವರ್ಷ ಬಸ್ಸಿನ ಕಿಟಕಿಯಿಂದ ಕಂಡಿದ್ದೇನೆ. ಶಂಕರಘಟ್ಟದ ಕಡೆಯ ಬಸ್ಸಿಗೆ ಕೈ ಅಡ್ಡ ಹಿಡಿಯುವ ವಿದ್ಯಾರ್ಥಿಗಳು ಅಲ್ಲಿದ್ದಾರೆ, ಕುರಿ ಇವೆ, ಎಲ್ಲೆಂದರಲ್ಲಿ ನಿಲ್ಲುವ ಗೂಡ್ಸ್ ಆಟೋಗಳಿವೆ. ರಾಂಗ್ ಸೈಡಿನಲ್ಲಿ ಬಂದು ನಮ್ಮನ್ನೇ ದುರುಗುಟ್ಟಿ ನೋಡುವ ಬೈಕಿನವರಿದ್ದಾರೆ. ಈ ಜಾತ್ರೆಯ ನಡುವೆ ಕಾಲಿಗೆ ಕೆಲಸವಿಲ್ಲವಂತೆ!

ಮೊದಲ ಸಲ ಅವರು ಗುಂಡಿ ಒತ್ತಿದ್ದು ಮಲವಗೊಪ್ಪ ದಾಟಿದ ಮೇಲೆ, ಅರವತ್ತರ ವೇಗದಲ್ಲಿ. ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪ ಹತ್ತಿತು. ಯಜಮಾನರು ಗಾದಿಯ ಮೇಲೆ ಕೂತು ಮೊದಲ ಗಿರಾಕಿಯನ್ನು ನೋಡಿದವರಂತೆ ಒಂದು ನಿಟ್ಟುಸಿರು ಬಿಟ್ಟರು. ಆಮೇಲೆ ಚಪ್ಪಲಿ ಜಾರಿತು, ಪಂಚೆ ಸರಿಯಿತು, ಬಲಗಾಲು ನಿಧಾನವಾಗಿ ಮೇಲಕ್ಕೆದ್ದು ಎಡತೊಡೆಯ ಕೆಳಗೆ ಹೋಗಿ ಕೂತಿತು.

“ರೀ, ಏನ್ರೀ ಅದು?”

“ಏನು?”

“ಕಾಲು!”

“ಯಾರ್ದು?”

ನಾನು ಮ್ಯಾಟು ತುಳಿದೆ.

ಮನೆಗೆ ಬಂದವಳೇ ಕಾರಿನ ಪುಸ್ತಕ ಹುಡುಕಿದೆ. ಅದೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನಲ್ಲಿತ್ತು. ಕೆಂಪು ಪೆನ್ಸಿಲ್ ಹಿಡಿದು, ಪರೀಕ್ಷೆಗೆ ಬರುವ ಭಾಗಕ್ಕೆ ಗೆರೆ ಹಾಕುವಂತೆ ಹಾಕಿ, ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಪುಸ್ತಕದ ರಟ್ಟಿನ ಮೇಲಿದ್ದ ಚಿತ್ರ ನೋಡಿ, “ಬಣ್ಣ ನಮ್ಮ ಕಾರಿಂದೇ ಹಾಕಿದಾರೆ” ಎಂದು ವಾಪಸ್ಸು ಕೊಟ್ಟರು.

ಆ ನಾಲ್ಕು ಗುಂಡಿಗಳಲ್ಲಿ ಒಂದರ ಮೇಲೆ ಆರ್, ಇ, ಎಸ್ ಎಂದು ಮೂರು ಅಕ್ಷರಗಳಿವೆ. ಬ್ರೇಕ್ ಹಾಕಿ ನಿಧಾನ ಮಾಡಿದ ಮೇಲೆ ಅದನ್ನು ಒತ್ತಿದರೆ, ಕಾರು ಮೊದಲು ಹೇಳಿಟ್ಟ ವೇಗಕ್ಕೆ ತಾನಾಗಿ ವಾಪಸ್ಸು ಹೋಗುತ್ತದೆ. ಪುಸ್ತಕದಲ್ಲಿ ರೆಸ್ಯೂಮ್ ಎಂದು ಸ್ಪಷ್ಟವಾಗಿ ಇದೆ. ಒಂದು ದಿನ ನಿದಿಗೆಯ ಹತ್ತಿರ ಹಾಲಿನ ವ್ಯಾನೊಂದು ಮುಂದೆ ಬಂದು, ಯಜಮಾನರು ಹೇಗೋ ಕಾಲು ಇಳಿಸಿ ಬ್ರೇಕ್ ಹಾಕಿ, ನಲವತ್ತೈದಕ್ಕೆ ಬಂದರು. ಅಷ್ಟರಲ್ಲೇ ಸುಸ್ತಾಯಿತೇನೋ, ಆ ಗುಂಡಿ ಒತ್ತಿದರು. ಕಾರು ಗುರ್ರೆಂದು ವ್ಯಾನಿನ ಬೆನ್ನಿಗೆ ಬಿತ್ತು. ಅವರು ಮತ್ತೆ ಬ್ರೇಕ್ ಹಾಕಿದರು, ನಾನೂ ಹಾಕಿದೆ.

“ಅದನ್ನ ಯಾಕ್ರೀ ಒತ್ತಿದ್ರಿ?”

“ರೆಸ್ಟ್ ಕಣೇ. ಕಾಲಿಗೆ ರೆಸ್ಟ್ ಕೊಡೋ ಬಟನ್ನು. ಜಾಗ ಸಾಲ್ದೆ ಕೊನೇ ಟಿ ಬಿಟ್ಟಿದಾರೆ.”

ಬಜಾರಿನಲ್ಲಿ ಬೋರ್ಡು ಬರೆಸಿ ಅಭ್ಯಾಸವಿದ್ದವರಿಗೆ ಮಾತ್ರ ಹೊಳೆಯುವ ಅರ್ಥ ಅದು. ಅಂಗಡಿಯ ಬೋರ್ಡಿನಲ್ಲಿ ಜಾಗ ಸಾಲದೆ ‘ಬಟ್ಟೆ ವ್ಯಾಪಾರಿಗಳು’ ಎನ್ನುವುದರ ಕೊನೆಯ ‘ಳು’ ಇವತ್ತಿಗೂ ಪಕ್ಕದ ಕಂಬದ ಮೇಲಿದೆ. ನಾನು ತಲೆ ಚಚ್ಚಿಕೊಂಡೆ. ಗೆಳೆಯರ ಮುಂದೆ ಮಾತ್ರ ಅವರು, “ನಮ್ಮ ಗಾಡಿ ಬಿಡಿ, ನಾನು ಸುಮ್ನೆ ಕೂತಿರ್ತೀನಿ, ಅದೇ ಕರ್ಕೊಂಡು ಹೋಗುತ್ತೆ” ಎಂದು ಕೊಚ್ಚಿಕೊಳ್ಳುತ್ತಿದ್ದರು.

ಈಗ ನನ್ನ ಅಪ್ಪನ ವಿಷಯ ಹೇಳದೆ ಮುಂದೆ ಹೋಗಲಾರೆ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಲಾರಿ ಓಡಿಸಿದವರು. ಬರಿಗಾಲಿನಲ್ಲಿ ಓಡಿಸುತ್ತಿದ್ದರು; ಚಪ್ಪಲಿ ಸೀಟಿನ ಹಿಂದೆ ಇರುತ್ತಿತ್ತು. ಪೆಡಲು ಏನು ಹೇಳುತ್ತದೆ ಎಂಬುದು ಪಾದಕ್ಕೆ ನೇರವಾಗಿ ಗೊತ್ತಾಗಬೇಕು ಎನ್ನುತ್ತಿದ್ದರು. ಅವರ ಬಲಪಾದಕ್ಕೆ ಮನೆಯಲ್ಲೂ ರಜೆ ಇರಲಿಲ್ಲ. ಕುರ್ಚಿಯಲ್ಲಿ ಕೂತು ರೇಡಿಯೊ ಕೇಳುವಾಗಲೂ ಹಿಮ್ಮಡಿ ನೆಲದ ಮೇಲೆ ಊರಿ, ಮುಂಗಾಲು ಮಾತ್ರ ಒಂದು ಬೆರಳಿನಷ್ಟು ಮೇಲೆದ್ದಿರುತ್ತಿತ್ತು. ರಸ್ತೆಯಲ್ಲಿ ಯಾವುದಾದರೂ ಲಾರಿ ಕಿರ್ರೆಂದರೆ ಆ ಮುಂಗಾಲು ತಟ್ಟನೆ ನೆಲ ಒತ್ತುತ್ತಿತ್ತು. ಪಕ್ಕದ ಮನೆಯ ತಮಿಳಿನ ಸೆಲ್ವಿ ಅಕ್ಕ ಅದನ್ನು ನೋಡಿ ನಗುತ್ತಿದ್ದಳು: “ಏನಮ್ಮ ಗಿರಿಜಾ, ನಿಮ್ಮಪ್ಪ ಮಲ್ಗಿದ್ರೂ ವಂಡಿ ಓಡ್ತಾನೇ ಇರುತ್ತಾ?”

ನನಗೆ ಇಪ್ಪತ್ತಾದಾಗ ಅಪ್ಪ, ಯಾರದೋ ಜೀಪು ಕೇಳಿ ತಂದು, ಮೈದಾನದಲ್ಲಿ ಡ್ರೈವಿಂಗ್ ಕಲಿಸಿದರು. ಸ್ಟಿಯರಿಂಗ್, ಗೇರು ಎಲ್ಲ ಎರಡು ದಿನದಲ್ಲಿ ಮುಗಿಯಿತು. ಕಾಲಿನ ಪಾಠ ಎರಡು ತಿಂಗಳು ನಡೆಯಿತು. ಹಿಮ್ಮಡಿ ಬ್ರೇಕಿನ ಮುಂದೆಯೇ ಇರಬೇಕು, ಮುಂಗಾಲು ಮಾತ್ರ ಆಕ್ಸಿಲರೇಟರಿಗೆ ಹೋಗಿ ಬರಬೇಕು. ಅಪ್ಪ ಪಕ್ಕದಲ್ಲಿ ಕೂತು ಊರ ಸುದ್ದಿ ಮಾತಾಡುತ್ತಿದ್ದವರು ನಡುವೆ ಇದ್ದಕ್ಕಿದ್ದಂತೆ ಕೇಳುತ್ತಿದ್ದರು.

“ಕಾಲೆಲ್ಲಿ?”

“ಬ್ರೇಕ್ ಹತ್ರ.”

ಉತ್ತರ ಒಂದು ಗಳಿಗೆ ತಡವಾದರೂ ಕೈ ಚಾಚಿ ಕೀ ತಿರುಗಿಸಿ ಎಂಜಿನ್ ಆರಿಸಿಬಿಡುತ್ತಿದ್ದರು. ಊಟಕ್ಕೆ ಕೂತಾಗ, ಸಾರು ಬಡಿಸುವಾಗ, ಪರೀಕ್ಷೆಗೆ ಹೊರಟಾಗ, ಎಲ್ಲೆಂದರಲ್ಲಿ ಅದೇ ಪ್ರಶ್ನೆ. ನನ್ನ ಮದುವೆಯ ದಿನ ಧಾರೆ ಮುಗಿದು ಕಾಲಿಗೆ ನಮಸ್ಕರಿಸಿದಾಗ ಕಣ್ಣೊರೆಸಿಕೊಂಡು ಕಿವಿಯಲ್ಲಿ ಕೇಳಿದ್ದೂ ಅದನ್ನೇ. “ಬ್ರೇಕ್ ಹತ್ರ ಅಪ್ಪ” ಎಂದು ಅತ್ತಿದ್ದೆ. ಸುತ್ತ ಇದ್ದವರು ಇದೇನು ಆಶೀರ್ವಾದವಪ್ಪ ಎಂದು ಮುಖ ಮುಖ ನೋಡಿಕೊಂಡರು.

ಇಷ್ಟೆಲ್ಲ ಕಲಿತ ನಾನು ಮಾಡಿದ್ದೇನು? ಲೈಸೆನ್ಸನ್ನು ಪ್ರಸಾದದ ಪೊಟ್ಟಣದ ಹಾಗೆ ಪರ್ಸಿನಲ್ಲಿಟ್ಟುಕೊಂಡು, ಅವಧಿ ಮುಗಿದಾಗಲೆಲ್ಲ ತಪ್ಪದೆ ನವೀಕರಿಸಿಕೊಂಡು, ಎಡ ಸೀಟಿನಲ್ಲಿ ಕೂತೆ. ಭದ್ರಾವತಿಯಲ್ಲಿ ತಮ್ಮನ ಕಾರು ಓಡಿಸುತ್ತಿದ್ದೆ, ಅದೂ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಶಿವಮೊಗ್ಗದಲ್ಲಿ ಮೊದಲ ಕಾರು ಬಂದಾಗ ಕೀಗೆ ಕೈ ಚಾಚಿದ್ದೆ. “ಬಜಾರಿನೋರು ನೋಡಿದ್ರೆ ನಂಗೇ ಬರಲ್ಲ ಅಂದ್ಕೋತಾರೆ ಮಾರಾಯ್ತಿ” ಎಂದರು ಯಜಮಾನರು. ಚಾಚಿದ ಕೈ ಹಿಂದಕ್ಕೆಳೆದುಕೊಂಡೆ. ಮರುದಿನ ಶಾಲೆಗೆ ಹೋಗಿ ಹುಡುಗಿಯರಿಗೆ ಧೈರ್ಯದ ಬಗ್ಗೆ ಮುಕ್ಕಾಲು ಗಂಟೆ ಕೊರೆದೆ. ಯಜಮಾನರನ್ನು ಹೀಯಾಳಿಸುವಾಗ ನನ್ನನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಎಡ ಸೀಟು ಬಹಳ ಹಿತ. ತಪ್ಪು ಹುಡುಕುವ ಕೆಲಸ ನಿಮ್ಮದು, ತಪ್ಪು ಮಾಡುವ ಕೆಲಸ ಪಕ್ಕದವರದು.

ಹೋದ ತಿಂಗಳು ಅಪ್ಪನ ಕಣ್ಣಿನ ಆಪರೇಷನ್ ಶಿವಮೊಗ್ಗದಲ್ಲಿ ನಿಗದಿಯಾಯಿತು. ಎಂಬತ್ತಾರು ವರ್ಷ ಅವರಿಗೆ. ಭದ್ರಾವತಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರನ್ನು ದನಿಯಿಂದಲೇ ಗುರುತಿಸುತ್ತಿದ್ದರು. ಹಿಂದಿನ ದಿನವೇ ಕರೆತಂದು ನಮ್ಮಲ್ಲಿ ಇರಿಸಿಕೊಳ್ಳುವುದೆಂದು ಮಾತಾಯಿತು. ಹೊರಡುವ ಮುಂಚೆ ನಾನು ಯಜಮಾನರಿಗೆ ಹೇಳಿದೆ.

“ಬರ್ತಾ ಅಪ್ಪ ಇರ್ತಾರೆ. ಇವತ್ತೊಂದಿನ ಆ ಕ್ರೂಸು ಗೀಸು ಬೇಡ. ಕಾಲು ಕೆಳಗಿರ್ಲಿ.”

“ಆಯ್ತು ಮಾರಾಯ್ತಿ. ನಂಗೂ ಮಾವನ ಮೇಲೆ ಅಕ್ಕರೆ ಇದೆ.”

ತಮ್ಮನ ಮನೆಯಲ್ಲಿ ಯಜಮಾನರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡರು. ಎದ್ದಾಗಲೇ ಗೋಡೆ ಹಿಡಿದು ಎದ್ದದ್ದನ್ನು ನಾನು ಗಮನಿಸಬೇಕಿತ್ತು. ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಹೊರಟೆವು. ಮಾಚೇನಹಳ್ಳಿಯವರೆಗೆ ಯಜಮಾನರ ಕಾಲು ಕೊಟ್ಟ ಮಾತಿನ ಹಾಗೆ ಕೆಳಗೇ ಇತ್ತು. ಅಪ್ಪ ಕಣ್ಣು ಮುಚ್ಚಿದ್ದರು. ಮಲಗಿದರು ಎಂದುಕೊಂಡರೋ ಏನೋ, ಯಜಮಾನರು ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು. ಕಾಲು ಮೇಲೆ ಬಂತು. ನಾನು ಕಣ್ಣು ಕೆಕ್ಕರಿಸಿದೆ; ಅವರು ಬಾಯಿಯ ಮೇಲೆ ಬೆರಳಿಟ್ಟು ಹಿಂದೆ ತೋರಿಸಿದರು. ಅಪ್ಪನ ನಿದ್ದೆ ಕೆಡಿಸಬೇಡ ಎಂಬ ಅರ್ಥದಲ್ಲಿ! ಎಂಥ ಅಕ್ಕರೆ!

ಅಪ್ಪ ಮಲಗಿರಲಿಲ್ಲ. ಎಂಜಿನ್ನಿನ ದನಿ ಒಂದೇ ಸಮ ಇರುವುದನ್ನು ಕೇಳುತ್ತಿದ್ದರು. ಮನುಷ್ಯನ ಪಾದ ಹಾಗೆ ಒತ್ತುವುದಿಲ್ಲ ಎಂದು ಅವರಿಗೆ ಗೊತ್ತು.

“ಅಳಿಯಂದ್ರೇ,” ಎಂದರು. “ಕಾಲೆಲ್ಲಿ?”

ಯಜಮಾನರು ಒಂದು ಕ್ಷಣ ತಡೆದು, “ಇಲ್ಲೇ ಇದೆ ಮಾವ” ಎಂದರು.

ಸುಳ್ಳಲ್ಲ, ನೋಡಿ. ಇಲ್ಲೇ ಇತ್ತು, ಎಡತೊಡೆಯ ಕೆಳಗೆ. ಕಣ್ಣು ಕಾಣದ ಮನುಷ್ಯನಿಗೆ ಹಾಗೆ ಹೇಳಿದರಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಎಡಗಡೆಯ ಮಣ್ಣುದಾರಿಯಿಂದ ಒಣಹುಲ್ಲು ಹೇರಿದ ಟ್ರ್ಯಾಕ್ಟರೊಂದು ಅತ್ತ ಇತ್ತ ನೋಡದೆ ರಸ್ತೆಗೆ ಮೂತಿ ಚಾಚಿ, ಇಡೀ ರಸ್ತೆಗೆ ಅಡ್ಡವಾಗಿ ತಿರುಗತೊಡಗಿತು.

ಯಜಮಾನರು ಕಾಲು ಎಳೆದರು. ಪಂಚೆಗೆ ಸಿಕ್ಕಿಕೊಂಡಿತು. ಬಲಗೈ ಸ್ಟಿಯರಿಂಗ್ ಬಿಟ್ಟು ಪಂಚೆ ಎಳೆಯಿತು. ಕಾರು ಅರವತ್ತರಲ್ಲಿ, ಬಹಳ ನಿಷ್ಠೆಯಿಂದ, ಹುಲ್ಲಿನ ಕಡೆಗೆ ಓಡುತ್ತಿತ್ತು.

“ಕಾಲೆಲ್ರೀ?” ಎಂದು ಕಿರುಚಿದೆ.

“ಜೋಮು ಹಿಡಿದಿದೆ ಕಣೇ!”

ನಾನು ಅಡ್ಡ ಬಾಗಿ ಸ್ಟಿಯರಿಂಗಿನ ಬಲಗಡೆಯ ಕ್ಯಾನ್ಸಲ್ ಗುಂಡಿ ಒತ್ತಿದೆ. ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಹಾಕಿದ್ದ ಗುಂಡಿ ಅದು. ಕಾರಿನ ಎಳೆತ ತಪ್ಪಿತು, ಓಟ ನಿಲ್ಲಲಿಲ್ಲ. ಅಷ್ಟರಲ್ಲಿ ಅವರ ಕಾಲು ಮೂಟೆಯಂತೆ ಕೆಳಗೆ ಬಿತ್ತು.

“ಯಾವುದರ ಮೇಲಿದೆ ಗೊತ್ತಾಗ್ತಿಲ್ಲ ಗಿರಿಜಾ! ಬ್ರೇಕೋ, ಅದೋ, ಗೊತ್ತಾಗ್ತಿಲ್ಲ!”

“ಒತ್ತಬೇಡಿ! ಏನೂ ಒತ್ತಬೇಡಿ! ಸ್ಟಿಯರಿಂಗ್ ನೆಟ್ಟಗೆ ಹಿಡೀರಿ!”

ನಡುವಿನ ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಹಿಡಿದು, ಸ್ವಲ್ಪ ಎಳೆದು, ಬಿಟ್ಟು, ಮತ್ತೆ ಎಳೆದೆ. ಒಂದೇ ಸಲ ಜಗ್ಗಿದರೆ ಕಾರು ತಿರುಗಿಬಿಡುತ್ತದೆ ಎಂದು ಅಪ್ಪ ಮೈದಾನದಲ್ಲಿ ಹೇಳಿದ್ದರು. ಹಿಂದಿನಿಂದ ಅವರ ದನಿ ಕೇಳಿಸಿತು, ಸ್ವಲ್ಪವೂ ನಡುಗದೆ: “ನಿಧಾನ. ನಿಧಾನ. ಬಿಡು. ಈಗ ಎಳಿ.” ಕಾರು ನಿಂತಾಗ ಹುಲ್ಲಿನ ಎಳೆಗಳು ಬಾನೆಟ್ಟನ್ನು ಗುಡಿಸುತ್ತಿದ್ದವು. ನನ್ನ ಬಲಗಾಲು ಆಗಲೂ ಮ್ಯಾಟನ್ನು ನೆಲಕ್ಕೆ ಒತ್ತಿ ಹಿಡಿದಿತ್ತು.

ಟ್ರ್ಯಾಕ್ಟರಿನವರು ಮೇಲಿನಿಂದ ಬಗ್ಗಿ ನೋಡಿದರು.

“ಏನ್ ಯಜಮಾನ್ರೇ, ನಿದ್ದೇನಾ?”

“ಇಲ್ಲಪ್ಪ, ಜೋಮು” ಎಂದರು ಯಜಮಾನರು.

ನನಗೆ ನಗು ಬರಲಿಲ್ಲ. ಈಗ ಬರೆಯುವಾಗ ಬರುತ್ತಿದೆ. ಆಗ ನನಗೆ ಭಯವಾಗಿತ್ತು. ನಾಳೆ ಬೆಳಕು ಕಾಣಬೇಕಾದ ಅಪ್ಪನನ್ನು ಇವತ್ತು ಒಂದು ಪಾದದ ಸೋಮಾರಿತನಕ್ಕೆ ಕಳೆದುಕೊಳ್ಳುತ್ತಿದ್ದೆನಲ್ಲ! ಯಜಮಾನರ ಮೇಲೆ ಬಂದ ಸಿಟ್ಟು ಮಾತಿಗೆ ಸಿಗುವಂಥದ್ದಲ್ಲ. ಅದಕ್ಕಿಂತ ಹೆಚ್ಚಿನ ಸಿಟ್ಟು, ಹಸಿರು ದೀಪ ಹತ್ತಿದ್ದು ನೋಡಿಯೂ ಸುಮ್ಮನೆ ಕಣ್ಣು ಕೆಕ್ಕರಿಸಿ ಕೂತವಳ ಮೇಲೆ ಬಂತು.

ಅಪ್ಪನೇ ಮೊದಲು ಮಾತಾಡಿದರು.

“ಗಿರಿಜಾ, ಹ್ಯಾಂಡ್‌ಬ್ರೇಕೇ ತಾನೇ?”

“ಹೂಂ.”

“ಗುಂಡಿ ಒತ್ತಿ ಹಿಡ್ಕೊಂಡಿದ್ಯಾ?”

“ಹಿಡ್ಕೊಂಡಿದ್ದೆ ಅಪ್ಪ.”

“ಸರಿ.” ಆಮೇಲೆ ಮನೆಗೆ ಬಂದವರಿಗೆ ಮಣೆ ಹಾಕುವಷ್ಟು ಮರ್ಯಾದೆಯಿಂದ ಹೇಳಿದರು. “ಅಳಿಯಂದ್ರೇ, ನೀವು ಎಡ ಸೀಟಿಗೆ ಬನ್ನಿ. ಅಲ್ಲಿ ಕಾಲು ಮಡಚಬಹುದು.”

ಯಜಮಾನರು ಇಳಿದು, ಜೋಮು ಬಿಡದ ಕಾಲನ್ನು ಎತ್ತಿ ಹಿಡಿದು, ಬಾನೆಟ್ಟಿನ ಮೇಲೆ ಕೈ ಊರಿ, ಕುಂಟಾಬಿಲ್ಲೆ ಆಡುವವರಂತೆ ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಈ ಕಡೆಗೆ ಬಂದರು. ಟ್ರ್ಯಾಕ್ಟರಿನವರು ಎಂಜಿನ್ ಆರಿಸಿ ನೋಡಿದರು. ಎಂಟನೆಯ ತರಗತಿಯ ಆ ಹುಡುಗಿ ಇದ್ದಿದ್ದರೆ ಅವಳ ಅನುಮಾನ ಬಗೆಹರಿಯುತ್ತಿತ್ತು. ನಾನು ಚಪ್ಪಲಿ ಬಿಚ್ಚಿ ಸೀಟಿನ ಹಿಂದಕ್ಕೆ ಹಾಕಿ, ಸೀಟು ಮುಂದಕ್ಕೆಳೆದು ಕೂತೆ. ಹುಲ್ಲಿನ ಬಂಡಿ ಸರಿದ ಮೇಲೆ ಹೊರಟೆವು. ತುಂಗಾ ಸೇತುವೆ ದಾಟಿದೆವು. ಮನೆಗೆ ಬಜಾರಿನ ಮೇಲೆಯೇ ಹೋಗಬೇಕು. ಗಾಂಧಿ ಬಜಾರಿನ ನಡುವೆ, ಅವರ ಅಂಗಡಿಯ ಮುಂದೆಯೇ, ಸಿಗ್ನಲ್ ಇಲ್ಲದ ಕಡೆ ಟ್ರಾಫಿಕ್ ಜಾಮಾಗಿ ಐದು ನಿಮಿಷ ನಿಂತೆವು. ಬಜಾರಿನೋರು ನೋಡಿದರು. ಆಕಾಶ ಏನೂ ಕಳಚಿ ಬೀಳಲಿಲ್ಲ. ಯಜಮಾನರೇ ಕಿಟಕಿ ಇಳಿಸಿ, “ಮಾವನ ಕಣ್ಣಿಗೆ ಆಪರೇಷನ್ನು” ಎಂದು ಪಕ್ಕದ ಅಂಗಡಿಯವರಿಗೆ ಹೇಳಿದರು. ಹೆಂಡತಿ ಕಾರು ಓಡಿಸುವುದಕ್ಕೂ ಮಾವನ ಕಣ್ಣಿಗೂ ಏನು ಸಂಬಂಧ ಎಂದು ಅವರೂ ಕೇಳಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮೊದಲು ಒಂದು ಕಣ್ಣಿಗೆ ಮಾಡಿದರು, ಇನ್ನೊಂದು ಮುಂದೆ. ಮೂರು ವಾರ ನಮ್ಮಲ್ಲೇ ಇದ್ದು, ಅಪ್ಪ ಊರಿಗೆ ಹೊರಡುವ ದಿನ ಬಂತು. ಹೊಸ ಕಣ್ಣಿನಿಂದ ಅಳಿಯನ ಕಾರಿನಲ್ಲಿ ಮೊದಲ ಸಲ ದೂರ ಹೋಗುತ್ತಾರಲ್ಲ ಎಂದೇ ನಾನು ಮೊನ್ನೆ ಅದನ್ನು ತೊಳೆಸಲು ಒಯ್ದದ್ದು. “ಈ ತೂತು ಮ್ಯಾಟು ಎಸೆದುಬಿಡ್ಲಾ ಮೇಡಂ?” ಎಂದು ತೊಳೆಯುವವರು ಕೇಳಿದರು. ಬೇಡ, ಅಲ್ಲೇ ಹಾಕಿ ಎಂದೆ.

ನಿನ್ನೆ ಅಪ್ಪನನ್ನು ಭದ್ರಾವತಿಗೆ ಬಿಡಲು ಹೊರಟೆವು. ಕೀ ಮೂರು ವಾರದಿಂದ ನನ್ನ ಪರ್ಸಿನಲ್ಲೇ ಇದೆ, ಲೈಸೆನ್ಸಿನ ಪಕ್ಕದಲ್ಲಿ, ಯಾರೂ ಕೇಳಿಲ್ಲ. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಹಿಂದೆ ಕೂತು, ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಯಜಮಾನರು ಎಡ ಸೀಟಿನಲ್ಲಿದ್ದರು. ಕಾಲು ಮಡಚಿ ಹಾಯಾಗಿ ಕೂರಬಹುದಾದ ಜಾಗ. ಅವರ ಅಪ್ಪ, ತಾತ ಎಲ್ಲ ಒಪ್ಪುವ ಜಾಗ. ಚುಚ್ಚೋಣ ಎಂದು, “ಈಗ ಚಕ್ಕಳಮಕ್ಕಳ ಹಾಕ್ಕೊಳ್ರಿ, ಇಲ್ಲಿ ಯಾರೂ ಬೇಡ ಅನ್ನಲ್ಲ” ಎಂದೆ. ಅವರು ಮುಂದಿನ ರಸ್ತೆ ಬಿಟ್ಟು ಕಣ್ಣು ಕದಲಿಸಲಿಲ್ಲ. “ಬಸ್ಸು, ಬಸ್ಸು” ಎಂದರು. ಬಸ್ಸು ಇನ್ನೂ ಅರ್ಧ ಫರ್ಲಾಂಗು ದೂರವಿತ್ತು.

ಮಲವಗೊಪ್ಪ ದಾಟಿದ ಮೇಲೆ ರಸ್ತೆ ಸ್ವಲ್ಪ ಖಾಲಿ ಸಿಕ್ಕಿತು. ನನ್ನ ಕಾಲು ಚೆನ್ನಾಗಿ ಹದಕ್ಕೆ ಬಂದು, ಎಂಜಿನ್ನಿನ ದನಿ ಒಂದೇ ಸಮ ಕೇಳಿಸುತ್ತಿತ್ತು. ಹಿಂದೆ ಬೋರ್ಡು ಓದುವುದು ನಿಂತಿತು.

“ಕಾಲೆಲ್ಲಿ?”

“ಬ್ರೇಕ್ ಹತ್ರ” ಎಂದೆ. ಅದೇ ಮಾತು, ಅದೇ ಗಳಿಗೆಯಲ್ಲಿ, ಎಡಗಡೆಯಿಂದಲೂ ಬಂತು.

ಅಪ್ಪ ಕನ್ನಡಕ ತೆಗೆದು, ಎರಡು ಸೀಟಿನ ನಡುವೆ ತಲೆ ತೂರಿಸಿ, ಹೊಸ ಕಣ್ಣಿನಲ್ಲಿ ಮೊದಲು ನನ್ನ ಪಾದ ನೋಡಿದರು. ಆಮೇಲೆ ಅಳಿಯನದು.

“ಅಲ್ಲೆಲ್ಲಿದೆ ಅಳಿಯಂದ್ರೇ ಬ್ರೇಕು?”

“ಇದೆ ಮಾವ,” ಎಂದರು ಯಜಮಾನರು, ಮ್ಯಾಟಿನ ತೂತಿನಿಂದ ಹಿಮ್ಮಡಿ ಎತ್ತದೆ. “ಇಷ್ಟು ವರ್ಷ ಇವಳು ಹಾಕ್ತಿದ್ಲು.”